ಮಾತಿದೆ, ವೋಟಿಲ್ಲ: ಅಮೆರಿಕದ ಸಂಸತ್ತಿನಲ್ಲಿ ಅಲಾಸ್ಕದ 52 ವರ್ಷ

ಗ್ರೀನ್‌ಲ್ಯಾಂಡ್ (ಡೆನ್ಮಾರ್ಕ್‌ಗೆ ಸೇರಿದ ದ್ವೀಪ) ನಮಗೆ ಬೇಕು ಅಂತ ಟ್ರಂಪ್ 2019ರಲ್ಲಿ ಹೇಳಿದಾಗ ಹೆಚ್ಚಿನವರು ನಕ್ಕು ಸುಮ್ಮನಾದರು. 2025ರಿಂದ ಅದೇ ಮಾತು ಮತ್ತೆ ಮತ್ತೆ ಬಂದಾಗ ನಗು ನಿಂತಿತು. ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲೂ ಒಬ್ಬರು ಕೇಳಿದರು: "ಹಂಗೇನಾದ್ರೂ ಸೇರಿಸ್ಕೊಂಡ್ರೆ ಅಲ್ಲಿನ ಜನಕ್ಕೆ ಎಂಪಿ ಸಿಗ್ತಾನಾ?"

ಸಿಗಬಹುದು. ಆದರೆ ಆ ಎಂಪಿಗೆ ವೋಟು ಇಲ್ಲದಿರಬಹುದು.

ಸಂಸತ್ತಿನ ಸದಸ್ಯನಿಗೇ ವೋಟಿಲ್ಲ ಅಂದರೆ ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಅಮೆರಿಕದಲ್ಲಿ ಈ ಪದ್ಧತಿಗೆ 200 ವರ್ಷ ದಾಟಿದೆ. ಅದು ಹೇಗೆ ನಡೆಯುತ್ತದೆ ಅಂತ ತಿಳಿಯೋಕೆ ಅಲಾಸ್ಕಕ್ಕಿಂತ ಒಳ್ಳೆ ಉದಾಹರಣೆ ಸಿಗುವುದಿಲ್ಲ. ಅದೂ ಹಿಮದ ನಾಡು, ಅದನ್ನೂ ಅಮೆರಿಕ ದುಡ್ಡು ಕೊಟ್ಟು ಕೊಂಡದ್ದು. 1906ರಿಂದ 1959ರ ಶುರುವಿನವರೆಗೆ ಅದರ ಪ್ರತಿನಿಧಿ ಸಂಸತ್ತಿನಲ್ಲಿ ಕೂತ, ಮಾತಾಡಿದ, ಮಸೂದೆ ತಂದ. ಒಂದು ಸಲವೂ ವೋಟು ಹಾಕಲಿಲ್ಲ.

ಮೊದಲು ಒಂದು ಅಪಾರ್ಟ್‌ಮೆಂಟ್ ಮೀಟಿಂಗ್

ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನ ಭಾನುವಾರದ ಮೀಟಿಂಗ್ ನೆನಪಿಸಿಕೊಳ್ಳಿ. ಬೇಸ್‌ಮೆಂಟಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಒಂದು ರೌಂಡ್ ಕಾಫಿ. ಬಾಡಿಗೆದಾರರೂ ಬಂದು ಕೂತಿದ್ದಾರೆ. ಟ್ಯಾಂಕರ್ ನೀರು, ಕೆಟ್ಟು ನಿಂತ ಲಿಫ್ಟ್ ಬಗ್ಗೆ ಎಲ್ಲರಿಗಿಂತ ಜಾಸ್ತಿ ಮಾತಾಡುವವರು ಅವರೇ. ಆದರೆ ಮೇಂಟೆನೆನ್ಸ್ ಎಷ್ಟು ಏರಿಸಬೇಕು ಅಂತ ಕೈ ಎತ್ತುವಾಗ ಮಾಲೀಕರ ಕೈ ಮಾತ್ರ ಲೆಕ್ಕಕ್ಕೆ. ಏರಿದ ದುಡ್ಡು ಕಟ್ಟುವವರಲ್ಲಿ ಬಾಡಿಗೆದಾರರೂ ಇರುತ್ತಾರೆ ಅನ್ನುವುದು ಬೇರೆ ಮಾತು.

ನಮ್ಮವರದೇ ಇನ್ನೊಂದು ಉದಾಹರಣೆ ಇದೆ. 1997ರ ಏಪ್ರಿಲ್ 11ರಂದು ಪ್ರಧಾನಿ ಎಚ್.ಡಿ. ದೇವೇಗೌಡರು ಲೋಕಸಭೆಯಲ್ಲಿ ವಿಶ್ವಾಸಮತ ಕೇಳಿದರು. ಪರವಾಗಿ 158, ವಿರುದ್ಧ 292. ಸರ್ಕಾರ ಬಿತ್ತು. ಆ 158ರಲ್ಲಿ ಗೌಡರ ಸ್ವಂತ ವೋಟು ಇರಲಿಲ್ಲ. ಅವರು ರಾಜ್ಯಸಭೆಯ ಸದಸ್ಯರು. ಮಂತ್ರಿಯಾದವರು ಎರಡೂ ಮನೆಯಲ್ಲಿ ಮಾತಾಡಬಹುದು, ವೋಟು ಮಾತ್ರ ತಮ್ಮ ಮನೆಯಲ್ಲಿ. ಹಾಗಾಗಿ ತಮ್ಮ ಕುರ್ಚಿಯ ಪ್ರಶ್ನೆ ತೀರ್ಮಾನವಾಗುವಾಗ ಗೌಡರು ಮಾತಾಡಿದರು ಅಷ್ಟೇ.

ಗೌಡರಿಗೆ ರಾಜ್ಯಸಭೆಯಲ್ಲಾದರೂ ವೋಟಿತ್ತು. ಅಮೆರಿಕದ ಸಂಸತ್ತಿನಲ್ಲಿ 'ಡೆಲಿಗೇಟ್' ಅಂತ ಕರೆಸಿಕೊಳ್ಳುವವರಿಗೆ ಕಾಯಿದೆ ಪಾಸಾಗುವ ಕೊನೆಯ ಘಟ್ಟದಲ್ಲಿ ಎಲ್ಲೂ ವೋಟಿಲ್ಲ. ಸಂಬಳ ಇದೆ, ಆಫೀಸು ಇದೆ, ಮಸೂದೆ ತರಬಹುದು, ಸಮಿತಿಯಲ್ಲಿ ಕೂರಬಹುದು, ಭಾಷಣ ಮಾಡಬಹುದು. ತಾನೇ ತಂದ ಮಸೂದೆಗೆ ಕೊನೆಯಲ್ಲಿ 'ಹೌದು' ಅನ್ನುವಂತಿಲ್ಲ.

ಎರಡು ಪದ ಮೊದಲೇ ತಿಳಿದಿರಲಿ. ಅಮೆರಿಕದವರು 'ಕಾಂಗ್ರೆಸ್' ಅಂದರೆ ಅದು ಪಕ್ಷ ಅಲ್ಲ, ಅವರ ಸಂಸತ್ತು. ಅದರಲ್ಲಿ ಹೌಸ್ ಮತ್ತು ಸೆನೆಟ್ ಅಂತ ಎರಡು ಮನೆ. 'ಟೆರಿಟರಿ' ಅಂದರೆ ದೇಶದ ಕೈಯಲ್ಲಿದ್ದೂ ರಾಜ್ಯ ಅನ್ನಿಸಿಕೊಳ್ಳದ ನೆಲ. ನಮ್ಮ ಕೇಂದ್ರಾಡಳಿತ ಪ್ರದೇಶದ ಹಾಗೆ ಅನ್ನಬಹುದು. ಆದರೆ ದೊಡ್ಡ ವ್ಯತ್ಯಾಸವೊಂದಿದೆ. 2011ರ ಜನಗಣತಿಯಲ್ಲಿ ಲಕ್ಷದ್ವೀಪದ ಜನಸಂಖ್ಯೆ 64,473. ಅಲ್ಲಿನ ಎಂಪಿಗೆ ಬೆಂಗಳೂರಿನ ಎಂಪಿಗಿರುವಷ್ಟೇ ಬೆಲೆಯ ಒಂದು ವೋಟಿದೆ. 1910ರಲ್ಲಿ ಅಲಾಸ್ಕದ ಜನಸಂಖ್ಯೆ 64,356. ಅವರ ಪ್ರತಿನಿಧಿಗೆ ಇರಲಿಲ್ಲ.

ಈ ಪದ್ಧತಿ ಬಂದದ್ದು ಎಲ್ಲಿಂದ?

ಅಮೆರಿಕದ ಸಂವಿಧಾನ ಹೌಸಿನ ಸದಸ್ಯರನ್ನು 'ರಾಜ್ಯಗಳ ಜನ' ಆರಿಸಬೇಕು ಅನ್ನುತ್ತದೆ. ರಾಜ್ಯ ಅಲ್ಲದಿದ್ದರೆ ಸದಸ್ಯನೂ ಇಲ್ಲ. ಆದರೆ ಹೊಸ ದೇಶ ಪಶ್ಚಿಮಕ್ಕೆ ಬೆಳೀತಾ ಇತ್ತು. ಕಾಡು ಕಡಿದು ಊರು ಕಟ್ಟುತ್ತಿದ್ದವರ ಮಾತನ್ನು ಯಾರಾದರೂ ಕೇಳಬೇಕಿತ್ತಲ್ಲ?

ಅದಕ್ಕೆ 1787ರಲ್ಲಿ, ಸಂವಿಧಾನ ಸಿದ್ಧವಾಗುವ ಮೊದಲೇ, ಒಂದು ದಾರಿ ಹುಡುಕಿದ್ದರು. ಓಹಿಯೊ ನದಿಯ ಉತ್ತರದ ನೆಲಕ್ಕಾಗಿ ಮಾಡಿದ ಆ ಕಾಯಿದೆ ಒಂಥರಾ ಮೆಟ್ಟಿಲು ಕಟ್ಟಿತು. ಮೊದಲು ಕೇಂದ್ರ ನೇಮಿಸಿದ ಗವರ್ನರ್ ಆಳ್ವಿಕೆ. 5,000 ಸ್ವತಂತ್ರ ಗಂಡಸರು ಸೇರಿದ ಮೇಲೆ ಸ್ಥಳೀಯ ಶಾಸನಸಭೆ, ಜೊತೆಗೆ ದೇಶದ ಸಂಸತ್ತಿಗೆ ಒಬ್ಬ ಡೆಲಿಗೇಟ್. ಅವನು ಚರ್ಚಿಸಬಹುದು, ವೋಟು ಹಾಕುವಂತಿಲ್ಲ. 60,000 ಸ್ವತಂತ್ರ ಜನ ಆದಾಗ ರಾಜ್ಯವಾಗಬಹುದು. ಅಂದರೆ ಡೆಲಿಗೇಟ್ ಹುದ್ದೆಯನ್ನು ಕಾಯಂ ಮಾಡುವ ಉದ್ದೇಶವೇ ಇರಲಿಲ್ಲ. ಅದು ರಾಜ್ಯವಾಗುವವರೆಗೆ ಕೂರುವ ವೇಟಿಂಗ್ ರೂಮು.

ಮೊದಲ ಡೆಲಿಗೇಟ್ ಬಂದಾಗ ಗಲಿಬಿಲಿಯೇ ಆಯಿತು. 1794ರಲ್ಲಿ, ಮುಂದೆ ಟೆನೆಸಿ ರಾಜ್ಯವಾದ ಪ್ರದೇಶದಿಂದ ಜೇಮ್ಸ್ ವೈಟ್ ಎಂಬಾತ ಬಂದ. ಇವನನ್ನು ಹೌಸಿನಲ್ಲಿ ಕೂರಿಸಬೇಕೋ ಸೆನೆಟ್‌ನಲ್ಲೋ? ಪ್ರಮಾಣವಚನ ಮಾಡಿಸಬೇಕೋ ಬೇಡವೋ? ಸಂವಿಧಾನ ಬರೆದವರಲ್ಲೇ ಒಬ್ಬನಾದ ಜೇಮ್ಸ್ ಮ್ಯಾಡಿಸನ್, ಇವನು ಸದಸ್ಯನೇ ಅಲ್ಲ, ಹಾಗಾಗಿ ಪ್ರಮಾಣ ಮಾಡು ಅಂತ ಹೇಳುವಂತಿಲ್ಲ ಅಂದ. ಕೊನೆಗೆ ಹೌಸಿನಲ್ಲಿ ಕುರ್ಚಿ ಕೊಟ್ಟರು. ಪ್ರಮಾಣ ಬೇಡ ಅಂದರು.

ಅಲಾಸ್ಕಕ್ಕೆ ಆ ಕುರ್ಚಿಯೂ ತಡವಾಗಿ ಬಂತು

1867ರ ಮಾರ್ಚ್ 30ರಂದು ರಷ್ಯ ಮತ್ತು ಅಮೆರಿಕ ಒಪ್ಪಂದಕ್ಕೆ ಸಹಿ ಹಾಕಿದವು. ಬೆಲೆ 72 ಲಕ್ಷ ಡಾಲರ್. ಎಕರೆಗೆ ಎರಡು ಸೆಂಟು. ನಮ್ಮ ಕರ್ನಾಟಕ ಒಂಬತ್ತು ಹಿಡಿಯುವಷ್ಟು ನೆಲ. ಕೊಂಡರು, ಆಮೇಲೆ ಏನು ಮಾಡಬೇಕು ಅಂತಲೇ ಗೊತ್ತಾಗಲಿಲ್ಲ. ಸೇನೆ ನೋಡಿಕೊಂಡಿತು, ಖಜಾನೆ ಇಲಾಖೆ ನೋಡಿಕೊಂಡಿತು, ನೌಕಾಪಡೆ ನೋಡಿಕೊಂಡಿತು. 1881ರಲ್ಲಿ ಅಲ್ಲಿ ನೆಲೆಸಿದವರು ತಾವೇ ಸಭೆ ಸೇರಿ ಮಾಟ್ರಮ್ ಬಾಲ್ ಎಂಬಾತನನ್ನು ಆರಿಸಿ ವಾಷಿಂಗ್ಟನ್‌ಗೆ ಕಳಿಸಿದರು. ಅವನಿಗೆ ಕುರ್ಚಿ ಸಿಗಲಿಲ್ಲ. 1884ರಲ್ಲಿ ಅಲಾಸ್ಕಕ್ಕೆ ಮೊದಲ ಆಡಳಿತ ಕಾಯಿದೆ ಬಂತು. ಶಾಸನಸಭೆ ಇರಕೂಡದು, ಡೆಲಿಗೇಟ್ ಕಳಿಸಕೂಡದು ಅಂತ ಅದರಲ್ಲೇ ಬರೆದಿದ್ದರು.

ಬಾಗಿಲು ತೆರೆಸಿದ್ದು ಚಿನ್ನ. 1880ರಲ್ಲಿ ಜೂನೋ, 1890ರ ದಶಕದ ಕೊನೆಗೆ ಪಕ್ಕದ ಕೆನಡಾದ ಕ್ಲಾಂಡೈಕ್, ಆಮೇಲೆ ನೋಮ್, 1902ರಲ್ಲಿ ಫೇರ್‌ಬ್ಯಾಂಕ್ಸ್. ಒಂದೊಂದು ಊರಲ್ಲೂ ಚಿನ್ನ ಸಿಕ್ಕಿತು ಅಂದ ಕೂಡಲೇ ಹಡಗು ತುಂಬಾ ಜನ. 1890ರಲ್ಲಿ 32 ಸಾವಿರ ಇದ್ದ ಜನಸಂಖ್ಯೆ 1900ರಲ್ಲಿ 63,592 ಆಯಿತು. ಈಗಿನ ಗ್ರೀನ್‌ಲ್ಯಾಂಡಿಗಿಂತ ತುಸು ಜಾಸ್ತಿ. ಇಷ್ಟು ಜನರನ್ನು ಸುಮ್ನೆ ಬಿಡೋಕಾಗದೆ 1906ರ ಮೇ ತಿಂಗಳಲ್ಲಿ ಕಾಯಿದೆ ಮಾಡಿ ಡೆಲಿಗೇಟ್‌ಗೆ ಒಪ್ಪಿದರು. ಕೊಂಡ 39 ವರ್ಷಕ್ಕೆ! ಆ ಆಗಸ್ಟ್‌ನಲ್ಲಿ ಗೆದ್ದವ ಫ್ರಾಂಕ್ ವಾಸ್ಕಿ, ಚಿನ್ನ ತೆಗೆಯುತ್ತಿದ್ದ ಕಸುಬಿನವ. ಉಳಿದಿದ್ದ ಅವಧಿ ಬರೀ ಮೂರು ತಿಂಗಳು.

ಗೆಲ್ಲಿಸಿದವರು ಯಾರು ಅನ್ನುವುದನ್ನೂ ಹೇಳಬೇಕು. ವೋಟು ಇದ್ದದ್ದು ಅಮೆರಿಕದ ಪೌರರಾದ ಗಂಡಸರಿಗೆ. 1900ರ ಲೆಕ್ಕದಲ್ಲಿ ಅಲಾಸ್ಕದ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಟ್ಲಿಂಗಿಟ್, ಯೂಪಿಕ್, ಇನುಪಿಯಾಕ್, ಅತಬಾಸ್ಕನ್, ಅಲ್ಯೂಟ್ ಮುಂತಾದ ಮೂಲನಿವಾಸಿಗಳು. ಅವರಲ್ಲಿ ಬಹುಪಾಲು ಜನರನ್ನು ಪೌರರೆಂದೇ ಎಣಿಸುತ್ತಿರಲಿಲ್ಲ. 1924ರಲ್ಲಿ ಎಲ್ಲ ಮೂಲನಿವಾಸಿಗಳಿಗೂ ಪೌರತ್ವ ಬಂತು. ಅದೇ ವರ್ಷ ವಿಲಿಯಂ ಪಾಲ್ ಎಂಬ ಟ್ಲಿಂಗಿಟ್ ವಕೀಲ ಅಲಾಸ್ಕದ ಶಾಸನಸಭೆಗೆ ಗೆದ್ದ. ಅಲ್ಲಿಯವರೆಗೆ, ವೋಟಿಲ್ಲದ ಡೆಲಿಗೇಟ್‌ನನ್ನು ಆರಿಸುವ ವೋಟೂ ಇವರಲ್ಲಿ ಬಹುಪಾಲು ಜನರಿಗಿರಲಿಲ್ಲ.

ಕೈಯಲ್ಲಿ ವೋಟಿಲ್ಲ, ಕೆಲಸ ಆಗೋದು ಹೇಗೆ?

ಸಂಸತ್ತಿನಲ್ಲಿ ಕೆಲಸ ನಡೆಯುವುದು ಕೊಡು-ಕೊಳ್ಳುವ ಲೆಕ್ಕದಲ್ಲಿ. ನನ್ನ ಸೇತುವೆಗೆ ನೀನು ಕೈ ಎತ್ತು, ನಿನ್ನ ಬಂದರಿಗೆ ನಾನು ಎತ್ತುತ್ತೇನೆ. ಡೆಲಿಗೇಟ್‌ನ ಜೇಬಿನಲ್ಲಿ ಆ ನಾಣ್ಯವೇ ಇಲ್ಲ. ಅವನಿಗಿರುವುದು ಮಾತು, ಪರಿಚಯ, ಕಾಗದ ಪತ್ರ, ಮತ್ತೆ ಹಠ.

ಹಠಕ್ಕೆ ಜೇಮ್ಸ್ ವಿಕರ್‌ಶ್ಯಾಮ್ ಹೆಸರು ಹೇಳಬೇಕು. 1900ರಲ್ಲಿ ಅಲಾಸ್ಕಕ್ಕೆ ನ್ಯಾಯಾಧೀಶನಾಗಿ ಬಂದವ. 1903ರಲ್ಲಿ ಉತ್ತರ ಅಮೆರಿಕದ ಅತಿ ಎತ್ತರದ ಶಿಖರ ಡೆನಾಲಿಯನ್ನು ಹತ್ತಲು ಹೋಗಿ ಅರ್ಧಕ್ಕೆ ವಾಪಸು ಬಂದವ. 1909ರಲ್ಲಿ ಡೆಲಿಗೇಟ್ ಆದ. ಮೂರೇ ವರ್ಷಕ್ಕೆ ಅಲಾಸ್ಕಕ್ಕೆ ಸ್ವಂತ ಶಾಸನಸಭೆ ಕೊಡುವ ಕಾಯಿದೆ ಮಾಡಿಸಿದ. ಅಧ್ಯಕ್ಷ ಟಾಫ್ಟ್ ಅದಕ್ಕೆ ಸಹಿ ಹಾಕಿದ್ದು 1912ರ ಆಗಸ್ಟ್ 24ರಂದು, ವಿಕರ್‌ಶ್ಯಾಮ್‌ನ 55ನೇ ಹುಟ್ಟುಹಬ್ಬದ ದಿನ. 1913ರಲ್ಲಿ ಸೇರಿದ ಆ ಶಾಸನಸಭೆಯ ಮೊಟ್ಟಮೊದಲ ಕಾಯಿದೆಯೇ ಹೆಂಗಸರಿಗೆ ವೋಟು ಕೊಟ್ಟಿತು.

1914ರಲ್ಲಿ ಸರ್ಕಾರಿ ರೈಲ್ವೆಗೆ ಒಪ್ಪಿಗೆ, 1917ರಲ್ಲಿ ಡೆನಾಲಿ ಸುತ್ತ ರಾಷ್ಟ್ರೀಯ ಉದ್ಯಾನ. ಎರಡರ ಹಿಂದೆಯೂ ವಿಕರ್‌ಶ್ಯಾಮ್ ಇದ್ದ. 1916ರ ಮಾರ್ಚ್ 30ರಂದು, ರಷ್ಯದ ಜೊತೆ ಸಹಿ ಹಾಕಿದ ದಿನವನ್ನೇ ನೋಡಿಕೊಂಡು, ಅಲಾಸ್ಕವನ್ನು ರಾಜ್ಯ ಮಾಡುವ ಮೊದಲ ಮಸೂದೆಯನ್ನೂ ತಂದ. ಅದು ಅಲ್ಲೇ ಉಳಿಯಿತು.

ಇವನ ಚುನಾವಣೆಯ ಕತೆ ಕೇಳಿದರೆ ನಮ್ಮ ಕೋರ್ಟು ಕೇಸುಗಳು ನೆನಪಾಗುತ್ತವೆ. 1916ರಲ್ಲಿ ಕೂದಲೆಳೆ ಅಂತರ. ಎದುರಾಳಿ ಚಾರ್ಲ್ಸ್ ಸುಲ್ಜರ್ ಗೆದ್ದನೆಂದು ಘೋಷಿಸಿದರು. ವಿಕರ್‌ಶ್ಯಾಮ್ ಹೌಸಿಗೆ ದೂರು ಕೊಟ್ಟ. ನೀನೇ ಗೆದ್ದದ್ದು ಅಂತ ಹೌಸ್ ತೀರ್ಮಾನಿಸಿದ್ದು 1919ರ ಜನವರಿಯಲ್ಲಿ. ಆಗ ಅವಧಿಯಲ್ಲಿ ಎರಡು ತಿಂಗಳೂ ಉಳಿದಿರಲಿಲ್ಲ. 1918ರಲ್ಲಿ ಮತ್ತೆ ಅದೇ ಜಗಳ. ಈ ಸಲ ತೀರ್ಪು 1921ರ ಮಾರ್ಚ್ 1ಕ್ಕೆ ಬಂತು, ಅವಧಿ ಮುಗಿಯಲು ಎರಡು ಮೂರು ದಿನ ಇರುವಾಗ. ಎರಡು ಅವಧಿ ಗೆದ್ದು ಕುರ್ಚಿಯಲ್ಲಿ ಕೂತದ್ದು ಒಟ್ಟು ಎರಡು ತಿಂಗಳು. ವೋಟೇ ಇಲ್ಲದ ಕುರ್ಚಿಗೆ ಇಷ್ಟೊಂದು ಕಾದಾಟವಾ ಅನ್ನಿಸಬಹುದು. ಆದರೆ ಅಲಾಸ್ಕದ ಪರವಾಗಿ ಬಾಯಿ ತೆರೆಯೋಕೆ ವಾಷಿಂಗ್ಟನ್‌ನಲ್ಲಿ ಇದ್ದದ್ದು ಅದೊಂದೇ ಕುರ್ಚಿ.

ಮಾತು ಸಾಕಾಗದೆ ಹೋದದ್ದು ಎಲ್ಲಿ?

ಮೀನಿನ ವಿಷಯದಲ್ಲಿ.

ಮಲೆನಾಡಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊದಲ ಮಳೆಗೆ 'ಹತ್ತುಮೀನು' (ನೀರಿಗೆ ಎದುರಾಗಿ ಹತ್ತುವ ಮೀನು) ಹಳ್ಳದಲ್ಲಿ ಮೇಲಕ್ಕೆ ಹೊರಡುತ್ತದೆ. ದಾರಿಯಲ್ಲಿ ಕೂಣಿ ಎಂಬ ಮೀನು ಹಿಡಿಯುವ ಬುಟ್ಟಿ ಇಟ್ಟರೆ ಆಯಿತು, ಮೀನೇ ಬಂದು ಬೀಳುತ್ತದೆ. ಅಲಾಸ್ಕದ ಸಾಲ್ಮನ್ ಕೂಡ ಹಾಗೇ. ಹುಟ್ಟಿದ ಹೊಳೆಗೆ ಮೊಟ್ಟೆಯಿಡಲು ಸಮುದ್ರದಿಂದ ಗುಂಪುಗುಂಪಾಗಿ ದಡ ಹಿಡಿದು ಬರುತ್ತದೆ. ಅಲ್ಲಿ ಇಟ್ಟಿದ್ದ ಕೂಣಿ ಮಾತ್ರ ದೈತ್ಯ. ದಡದಿಂದ ಸಮುದ್ರದೊಳಕ್ಕೆ ಮರದ ದಿಮ್ಮಿ, ಬಲೆಯ ಉದ್ದನೆಯ ಬೇಲಿ. ಬೇಲಿಗೆ ತಾಗಿದ ಮೀನು ಅದರ ಪಕ್ಕದಲ್ಲೇ ಆಳದ ಕಡೆಗೆ ಈಜುತ್ತದೆ. ಅಲ್ಲಿ ಒಂದರೊಳಗೊಂದು ಬಲೆಯ ಕೋಣೆ. ಒಳಗೆ ಹೋಗಬಹುದು, ತಿರುಗಿ ಬರುವ ದಾರಿ ಮೀನಿಗೆ ಸಿಗುವುದಿಲ್ಲ. ಮೇಲೆ ಕಾವಲುಗಾರನಿಗೆ ಒಂದು ಸಣ್ಣ ಗುಡಿಸಲು. ಕಾರ್ಖಾನೆಯ ದೋಣಿ ಬಂದು ಮೀನನ್ನು ಎತ್ತಿ ತುಂಬಿಕೊಂಡು ಹೋಗುತ್ತಿತ್ತು.

ಈ ಬಲೆಗಳಲ್ಲಿ ಹೆಚ್ಚಿನವು ಸಿಯಾಟಲ್, ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಡಬ್ಬಿ ಮೀನಿನ ಕಂಪನಿಗಳವು. ಸಣ್ಣ ದೋಣಿಯ ಸ್ಥಳೀಯ ಬೆಸ್ತರಿಗೆ ಉಳಿದದ್ದೇ ಸಿಕ್ಕಿತು. ಬಲೆಗೂಡಿನಿಂದ ರಾತ್ರಿ ಮೀನು ಕದಿಯುವವರೂ ಇದ್ದರು. ಊರಲ್ಲಿ ಅವರನ್ನು ಕಳ್ಳರು ಅಂತ ಎಲ್ಲರೂ ಅನ್ನುತ್ತಿರಲಿಲ್ಲ.

ಬಲೆ ನಿಷೇಧಿಸೋಣ ಅಂದರೆ ಅಲಾಸ್ಕದ ಶಾಸನಸಭೆಗೆ ಅಧಿಕಾರವಿಲ್ಲ. 1912ರ ಕಾಯಿದೆಯೇ ಮೀನಿನ ಕಾನೂನನ್ನು ವಾಷಿಂಗ್ಟನ್ ಕೈಯಲ್ಲಿ ಇಟ್ಟುಕೊಂಡಿತ್ತು. 1930ರ ದಶಕದಲ್ಲಿ ಡೆಲಿಗೇಟ್ ಆಂಥನಿ ಡಿಮಂಡ್ ಬಲೆಯ ವಿರುದ್ಧ ಮಸೂದೆ ಮೇಲೆ ಮಸೂದೆ ತಂದ. ಯಾವುದೂ ಪಾಸಾಗಲಿಲ್ಲ. ಕಂಪನಿಗಳಿದ್ದ ರಾಜ್ಯಗಳ ಸದಸ್ಯರಿಗೆ ವೋಟಿತ್ತು, ಡಿಮಂಡ್‌ಗೆ ಇರಲಿಲ್ಲ. 1948ರಲ್ಲಿ ಅಲಾಸ್ಕದವರನ್ನೇ ಕೇಳಿದರು. ಬಲೆ ಬೇಡ ಅಂದವರು 19 ಸಾವಿರಕ್ಕೂ ಜಾಸ್ತಿ, ಇರಲಿ ಅಂದವರು 3 ಸಾವಿರಕ್ಕಿಂತ ಕಮ್ಮಿ. ಆದರೂ ಬಲೆ ಹೋಗಲಿಲ್ಲ, ಮೀನು ಹೋಯಿತು. 1936ರಲ್ಲಿ 12 ಕೋಟಿಗೂ ಹೆಚ್ಚು ಸಾಲ್ಮನ್ ಹಿಡಿದಿದ್ದರು. 1953ರ ಹೊತ್ತಿಗೆ ಅಧ್ಯಕ್ಷ ಐಸೆನ್‌ಹೋವರ್ ಮೀನುಗಾರರ ಊರುಗಳನ್ನು ವಿಪತ್ತಿನ ಪ್ರದೇಶ ಅಂತ ಸಾರಬೇಕಾಯಿತು.

ಹಡಗಿನದೂ ಇದೇ ಕತೆ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಸೆನೆಟರ್ ವೆಸ್ಲಿ ಜೋನ್ಸ್ ಹೆಸರಿನ 1920ರ ಕಾಯಿದೆ, ಅಮೆರಿಕದ ಬಂದರುಗಳ ನಡುವೆ ಸರಕು ಸಾಗಿಸಲು ಅಮೆರಿಕದಲ್ಲೇ ಕಟ್ಟಿದ ಹಡಗು ಬೇಕು ಅಂದಿತು. ಕೆನಡಾದ ರೈಲು ದಾರಿ ಬಳಸುವ ವಿನಾಯಿತಿ ಬೇರೆಯವರಿಗೆ ಸಿಕ್ಕಿತು, ಅಲಾಸ್ಕವನ್ನು ಹೆಸರು ಹಿಡಿದು ಹೊರಗಿಟ್ಟರು. ಕೋರ್ಟಿಗೆ ಹೋದರೆ 1922ರಲ್ಲಿ ಸುಪ್ರೀಂ ಕೋರ್ಟ್, ಬಂದರುಗಳ ನಡುವೆ ತಾರತಮ್ಯ ಬೇಡ ಅನ್ನುವ ಸಂವಿಧಾನದ ಮಾತು ರಾಜ್ಯಗಳಿಗೆ, ನೀವು ರಾಜ್ಯವಲ್ಲ ಅಂದಿತು.

ಡಿಮಂಡ್ ಇನ್ನೊಂದು ಮಾತನ್ನೂ ವರ್ಷಗಟ್ಟಲೆ ಹೇಳಿದ್ದ: ಜಪಾನ್ ಹತ್ತಿರದಲ್ಲಿದೆ, ಅಲಾಸ್ಕದಲ್ಲಿ ವಿಮಾನ ನೆಲೆ ಕಟ್ಟಿ. ದುಡ್ಡು ಸರಿಯಾಗಿ ಬಂದದ್ದು 1940ರ ಹೊತ್ತಿಗೆ. 1942ರ ಜೂನ್‌ನಲ್ಲಿ ಜಪಾನ್ ಡಚ್ ಹಾರ್ಬರ್ ಮೇಲೆ ಬಾಂಬ್ ಹಾಕಿತು, ಅಟ್ಟು ಮತ್ತು ಕಿಸ್ಕ ದ್ವೀಪಗಳನ್ನು ಹಿಡಿದುಕೊಂಡಿತು.

ವೇಟಿಂಗ್ ರೂಮಿನಿಂದ ಹೊರಗೆ

1945ರಿಂದ ಕೊನೆಯವರೆಗೆ ಡೆಲಿಗೇಟ್ ಆಗಿದ್ದವ ಬಾಬ್ ಬಾರ್ಟ್‌ಲೆಟ್. ಗಲಾಟೆಯ ಮನುಷ್ಯ ಅಲ್ಲ. ಒಬ್ಬೊಬ್ಬರನ್ನೇ ಒಲಿಸಿಕೊಂಡು ಕೆಲಸ ಮಾಡಿಸುತ್ತಿದ್ದ. ಒಂದು ಉದಾಹರಣೆ ಸಾಕು. ಅಲಾಸ್ಕದಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಬಂದರೆ, ಅಪರಾಧಿಯ ಹಾಗೆ ಜ್ಯೂರಿ ಮುಂದೆ ನಿಲ್ಲಿಸಿ, ಸಾವಿರಾರು ಕಿಲೋಮೀಟರ್ ದೂರದ ಪೋರ್ಟ್‌ಲ್ಯಾಂಡ್‌ಗೆ ಸಾಗಿಸುತ್ತಿದ್ದರು. 1956ರಲ್ಲಿ ಬಾರ್ಟ್‌ಲೆಟ್ ಕಾಯಿದೆ ಮಾಡಿಸಿ ಅದನ್ನು ನಿಲ್ಲಿಸಿದ. ಅಲಾಸ್ಕದಲ್ಲೇ ಚಿಕಿತ್ಸೆಗೆ ಆದಾಯ ಬರಲೆಂದು 10 ಲಕ್ಷ ಎಕರೆ ನೆಲ ಕೊಡಿಸಿದ.

ರಾಜ್ಯವಾಗಬೇಕೆಂದು 1946ರಲ್ಲೇ ಜನ ಹೇಳಿದ್ದರು. ಆದರೆ ದೂರ ಜಾಸ್ತಿ, ಜನ ಕಮ್ಮಿ ಅನ್ನುವ ತಕರಾರು ಇತ್ತು. ಒಳಗಿನ ಲೆಕ್ಕ ಬೇರೆಯೇ. ಹೊಸ ಸೆನೆಟರ್‌ಗಳು ಕರಿಯರ ಹಕ್ಕಿನ ಪರ ನಿಂತರೆ ಅಂತ ದಕ್ಷಿಣದ ರಾಜ್ಯಗಳವರಿಗೆ ಭಯ, ಅಲಾಸ್ಕ ಡೆಮಾಕ್ರಾಟರ ಪಾಲಾಗುತ್ತದೆ ಅಂತ ರಿಪಬ್ಲಿಕನ್ನರಿಗೆ ಭಯ.

ಕೊನೆಗೆ ಅಲಾಸ್ಕದವರು ಟೆನೆಸಿಯ ಹಳೇ ಉಪಾಯ ತೆಗೆದರು. 1796ರಲ್ಲಿ ಟೆನೆಸಿ ಒಪ್ಪಿಗೆಗೆ ಕಾಯದೆ ಸೆನೆಟರ್‌ಗಳನ್ನು ಆರಿಸಿ ಕಳಿಸಿಬಿಟ್ಟಿತ್ತು. ಅಲಾಸ್ಕದವರೂ 55 ಜನರನ್ನು ಆರಿಸಿ ಸಂವಿಧಾನ ಬರೆದರು. 1956ರ ಏಪ್ರಿಲ್‌ನಲ್ಲಿ ಜನ ಅದನ್ನು ಒಪ್ಪಿದರು. ಅದರ ಜೊತೆಗೇ, ಮೀನಿನ ಬಲೆಗೂಡು ನಿಷೇಧಿಸುವ ಪ್ರತ್ಯೇಕ ಪ್ರಶ್ನೆಗೂ ಹೌದು ಅಂದರು. ಆಮೇಲೆ ಅರ್ನೆಸ್ಟ್ ಗ್ರೂನಿಂಗ್, ವಿಲಿಯಂ ಈಗನ್, ರಾಲ್ಫ್ ರಿವರ್ಸ್ ಈ ಮೂವರನ್ನು ಸೆನೆಟ್‌ಗೂ ಹೌಸಿಗೂ ಅಂತ ಆರಿಸಿ ವಾಷಿಂಗ್ಟನ್‌ಗೆ ಕಳಿಸಿದರು. ಕುರ್ಚಿ ಕೊಡಲಿಲ್ಲ, ಗ್ಯಾಲರಿಯಲ್ಲಿ ಕೂರಿಸಿದರು. ಬಾರ್ಟ್‌ಲೆಟ್‌ಗೆ ವೋಟಿಲ್ಲದಿದ್ದರೂ ಕುರ್ಚಿಯಾದರೂ ಇತ್ತು.

1958ರ ಮೇ 28ರಂದು ಹೌಸಿನಲ್ಲಿ ಮಸೂದೆ ವೋಟಿಗೆ ಬಂತು. ಪರ 210, ವಿರುದ್ಧ 166. ಹದಿಮೂರು ವರ್ಷ ಅದಕ್ಕಾಗಿಯೇ ಓಡಾಡಿದ ಬಾರ್ಟ್‌ಲೆಟ್ ಆ 210ರಲ್ಲಿ ಇಲ್ಲ. ಜೂನ್ 30ರಂದು ಸೆನೆಟ್ 64-20ರಿಂದ ಒಪ್ಪಿತು. 1959ರ ಜನವರಿ 3ರಂದು ಅಲಾಸ್ಕ 49ನೇ ರಾಜ್ಯವಾಯಿತು. ಬಾರ್ಟ್‌ಲೆಟ್ ಮತ್ತು ಗ್ರೂನಿಂಗ್ ಸೆನೆಟರ್ ಆದರು, ರಿವರ್ಸ್ ಹೌಸಿಗೆ ಹೋದ. ಹೌಸಿನಲ್ಲಿ ಅಲಾಸ್ಕಕ್ಕೆ ಮೊದಲೂ ಒಂದೇ ಸೀಟು, ಈಗಲೂ ಒಂದೇ. ವೋಟು ಬಂತು ಅಷ್ಟೇ. ಬಲೆಗೂಡುಗಳಲ್ಲಿ ಹೆಚ್ಚಿನವು ಆ ವರ್ಷವೇ ನಿಂತವು.

ಈಗ ಯಾರಿದ್ದಾರೆ?

ಈಗ ಹೌಸಿನಲ್ಲಿ ಇಂಥ ಆರು ಜನ ಇದ್ದಾರೆ: ಪೋರ್ಟೊ ರಿಕೊ, ಗುವಾಮ್, ವರ್ಜಿನ್ ದ್ವೀಪಗಳು, ಅಮೆರಿಕನ್ ಸಮೋವಾ, ಉತ್ತರ ಮರಿಯಾನಾ ದ್ವೀಪಗಳು, ಮತ್ತೆ ರಾಜಧಾನಿ ವಾಷಿಂಗ್ಟನ್ ನಗರ. ಸಮಿತಿಗಳಲ್ಲಿ ಇವರಿಗೆ ಈಗ ವೋಟಿದೆ. ಇಡೀ ಹೌಸ್ ಒಂದು ಸಮಿತಿಯಂತೆ ಕೂತು ಚರ್ಚಿಸುವ ಹೊತ್ತಿನಲ್ಲೂ ವೋಟು ಕೊಡುವ ನಿಯಮ 1993ರಲ್ಲಿ ಬಂತು, 1995ರಲ್ಲಿ ಹೋಯಿತು, ಆಮೇಲೂ ಬರುತ್ತಾ ಹೋಗುತ್ತಾ ಇದೆ. ಅದರಲ್ಲಿ ಒಂದು ಷರತ್ತಿದೆ. ಇವರ ವೋಟಿನಿಂದಲೇ ಫಲಿತಾಂಶ ಬದಲಾಗುವಂತಿದ್ದರೆ, ಇವರನ್ನು ಬಿಟ್ಟು ಮತ್ತೆ ಎಣಿಸಬೇಕು. ಲೆಕ್ಕಕ್ಕೆ ಬರದಿದ್ದಾಗ ಮಾತ್ರ ಹಾಕಬಹುದಾದ ವೋಟು!

ಚೆರೊಕೀ ಎಂಬ ಮೂಲನಿವಾಸಿ ಜನಾಂಗಕ್ಕೆ ಒಬ್ಬ ಡೆಲಿಗೇಟ್ ಕೊಡುವ ಮಾತು 1835ರ ಒಪ್ಪಂದದಲ್ಲಿದೆ. 2019ರಲ್ಲಿ ಅವರು ಕಿಮ್ ಟೀಹೀ ಎಂಬಾಕೆಯನ್ನು ಹೆಸರಿಸಿದರು.

ನಮ್ಮಲ್ಲಿ ಇದರ ತಿರುವುಮುರುವು ಒಂದಿತ್ತು. ಇಂದಿನ ಅರುಣಾಚಲ, ಆಗಿನ ಈಶಾನ್ಯ ಗಡಿನಾಡು. 1977ರಲ್ಲಿ ಮೊದಲ ಲೋಕಸಭಾ ಚುನಾವಣೆ ನಡೆಯುವವರೆಗೆ ಅಲ್ಲಿನ ಎಂಪಿಯನ್ನು ರಾಷ್ಟ್ರಪತಿ ನೇಮಿಸುತ್ತಿದ್ದರು. ಅಲ್ಲಿ ಎಂಪಿಗೆ ವೋಟಿತ್ತು, ಜನಕ್ಕಿರಲಿಲ್ಲ. ಅಲಾಸ್ಕದಲ್ಲಿ ಜನಕ್ಕೆ ವೋಟಿತ್ತು, ಅವರು ಆರಿಸಿದವನಿಗಿರಲಿಲ್ಲ.

ಹಾಗಾದರೆ ಗ್ರೀನ್‌ಲ್ಯಾಂಡ್?

ಗ್ರೀನ್‌ಲ್ಯಾಂಡಿನ ಜನಸಂಖ್ಯೆ ಸುಮಾರು 57 ಸಾವಿರ. ಡೆನ್ಮಾರ್ಕ್ ಸಂಸತ್ತಿನ 179 ಸದಸ್ಯರಲ್ಲಿ ಇಬ್ಬರು ಅಲ್ಲಿಯವರು. ಇಬ್ಬರಿಗೂ ಪೂರ್ತಿ ವೋಟಿದೆ. ಅಮೆರಿಕದ ಟೆರಿಟರಿಯಾದರೆ ಆ ಎರಡು ವೋಟು ಹೋಗಿ, ವೋಟಿಲ್ಲದ ಒಬ್ಬ ಡೆಲಿಗೇಟ್ ಬರಬಹುದು. ಅದೂ ತಾನಾಗಿ ಬರುವುದಿಲ್ಲ, ಅಮೆರಿಕದ ಸಂಸತ್ತು ಪ್ರತ್ಯೇಕ ಕಾಯಿದೆ ಮಾಡಬೇಕು. ಉತ್ತರ ಮರಿಯಾನಾ ಜೊತೆಗಿನ ಒಪ್ಪಂದವನ್ನು ಆ ಸಂಸತ್ತು ಒಪ್ಪಿದ್ದು 1976ರಲ್ಲಿ. ಅಲ್ಲಿನ ಮೊದಲ ಡೆಲಿಗೇಟ್ ಬಂದು ಕೂತದ್ದು 2009ರಲ್ಲಿ.